ಹತ್ತು ನಿಮಿಷಕ್ಕೊಂದು ನೋವು

ಸುಳ್ಳು ಹೇಳುವವರನ್ನು ಕಂಡರೆ ನನಗಾಗುವುದಿಲ್ಲ. ಸುಳ್ಳು ಬರೆಯುವುದು ಮಾತ್ರ ಬೇರೆ ವಿಷಯ. ಬಹಳ ವರ್ಷ ನಾನು ಅದನ್ನೇ ಮಾಡಿ ಸಂಬಳ ತೆಗೆದುಕೊಂಡಿದ್ದೇನೆ. ನಮ್ಮ ಕಡೆಯ ಒಂದು ಬಸ್ ನಿಲ್ದಾಣದಲ್ಲಿ ನಾನು ಕಂಟ್ರೋಲರ್. ಯಾವ ನಿಲ್ದಾಣ ಎಂದು ಕೇಳಬೇಡಿ, ರಿಟೈರಾಗಲು ಇನ್ನೂ ಕೆಲವು ವರ್ಷ ಇದೆ. ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು ಎಂದು ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಒಂಬತ್ತು ಹತ್ತಕ್ಕೆ ಬರಬೇಕಾದ ಅರಸೀಕೆರೆ ಬಸ್ಸು ಒಂಬತ್ತು ಹದಿನೇಳಕ್ಕೆ ಬಂದರೆ ನಾನು ಒಂಬತ್ತು ಹತ್ತು ಎಂದೇ ಬರೆಯುತ್ತಿದ್ದೆ. ಏಳು ನಿಮಿಷಕ್ಕೆ ಡ್ರೈವರ್ ಕಾರಣ ಬರೆದುಕೊಡಬೇಕು, ಅದನ್ನು ನಾನು ಮೇಲಕ್ಕೆ ಕಳಿಸಬೇಕು, ಮೇಲಿನವರು ಓದಬೇಕು. ಇಷ್ಟು ಜನರಿಗೆ ಯಾಕೆ ತೊಂದರೆ? ಹೀಗಾಗಿ ನನ್ನ ರಿಜಿಸ್ಟರಿನಲ್ಲಿ ಬಸ್ಸುಗಳು ತಡವಾಗುವುದೇ ಇರಲಿಲ್ಲ. ಪ್ರಯಾಣಿಕರು ಮಾತ್ರ ಏನೇನೋ ಹೇಳುತ್ತಿದ್ದರು.

ನನ್ನ ಹೆಂಡತಿ ಸುಮಿತ್ರಳಿಗೆ ದಿನ ತುಂಬಿದ್ದು ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ. ಚೊಚ್ಚಲ ಹೆರಿಗೆ ತವರಿನಲ್ಲೇ ಎಂದು ಹಳೇಬೀಡಿಗೆ ಹೋಗಿದ್ದಳು. ಹಿಂದಿನ ವರ್ಷ ಮೂರು ತಿಂಗಳಿಗೇ ಒಂದು ಹೋಗಿಬಿಟ್ಟಿತ್ತು. ಆದ್ದರಿಂದ ನಮ್ಮಿಬ್ಬರಿಗೂ ಒಳಗೊಳಗೇ ಹೆದರಿಕೆ. ಅವಳು ಅದನ್ನು ಬಾಯಿಬಿಟ್ಟು ಹೇಳುತ್ತಿದ್ದಳು. ನಾನು ಹೇಳಲಾರದೆ ಹದಿನೈದು ದಿನ ರಜೆ ಹಾಕಿ, ಮಾವನ ಮನೆಯ ಜಗುಲಿಯಲ್ಲಿ ಕೂತೆ. ಬೇಲೂರಿನಲ್ಲಿ ಒಬ್ಬ ಲೇಡಿ ಡಾಕ್ಟರ್ ನಡೆಸುತ್ತಿದ್ದ ಸಣ್ಣ ನರ್ಸಿಂಗ್ ಹೋಮಿನಲ್ಲಿ ತೋರಿಸುತ್ತಿದ್ದೆವು. ಅಲ್ಲಿನ ಹಿರಿಯ ನರ್ಸು ಜಯಮ್ಮ ಸಿಸ್ಟರ್, "ಹತ್ತು ನಿಮಿಷಕ್ಕೊಂದು ಸಲ ಲೆಕ್ಕ ತಪ್ಪದೆ ನೋವು ಬರೋಕೆ ಶುರುವಾದ್ರೆ ಕರ್ಕೊಂಡು ಬನ್ನಿ" ಎಂದಿದ್ದರು. ಅವರು ಹೇಳಿದ್ದು ಸುಮಿತ್ರಳಿಗೆ. ಆದರೆ ಸಮಯ ಎಂಬ ಮಾತು ಕಿವಿಗೆ ಬಿದ್ದೊಡನೆ ನಾನು ಅದನ್ನು ನನಗೇ ಕೊಟ್ಟ ಡ್ಯೂಟಿ ಎಂದುಕೊಂಡೆ.

ಒಂದು ಮಂಗಳವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಸುಮಿತ್ರ ಸೊಂಟ ಹಿಡಿದುಕೊಂಡಳು. ನಾನು ಆಫೀಸಿನಿಂದ ತಂದಿದ್ದ ಖಾಲಿ ರಿಜಿಸ್ಟರ್ ಬಿಚ್ಚಿದೆ. ಆಗಮನ, ನಿರ್ಗಮನ, ಷರಾ ಎಂದು ಮೂರು ಕಾಲಂ. ಮೊದಲ ನೋವು ಒಂಬತ್ತು ಹತ್ತಕ್ಕೆ ಬಂದು ಅರ್ಧ ನಿಮಿಷದಲ್ಲಿ ಹೋಯಿತು. ಎರಡನೆಯದು ಒಂಬತ್ತು ಹದಿನಾರಕ್ಕೆ. ಮೂರನೆಯದು ಮೂವತ್ತಮೂರಕ್ಕೆ. ನನ್ನ ಪೆನ್ನು ಬರೆದದ್ದು ಮಾತ್ರ ಹತ್ತು, ಇಪ್ಪತ್ತು, ಮೂವತ್ತು. ಬೇಕೆಂದು ಮಾಡಿದ್ದಲ್ಲ, ಕೈಗೆ ರೂಢಿ. "ಈ ಸಲ ತಡ ಆಯ್ತಲ್ವಾ?" ಎಂದು ಸುಮಿತ್ರ ಕೇಳಿದಳು. "ಒಂದೆರಡು ನಿಮಿಷ ಹಿಂದೆ ಮುಂದೆ ಆಗುತ್ತೆ ಕಣೇ, ಅದನ್ನೆಲ್ಲ ಹಿಡಿಯಬಾರದು" ಎಂದೆ. ಷರಾ ಕಾಲಮಿನಲ್ಲಿ "ಸಾಧಾರಣ", "ಜೋರು" ಎಂದು ಬರೆಯುತ್ತಾ ಹೋದೆ. ಒಂದು ಕಡೆ "ನನ್ನ ಮೇಲೆ ಸಿಟ್ಟು" ಎಂದೂ ಇದೆ. ಪುಟ ತುಂಬುವಷ್ಟರಲ್ಲಿ ಒಂದು ಟ್ಯಾಕ್ಸಿ ಗೊತ್ತುಮಾಡಿ, ಅತ್ತೆಯನ್ನೂ ಕೂರಿಸಿಕೊಂಡು ಬೇಲೂರಿಗೆ ಹೊರಟೆ.

ಜಯಮ್ಮ ಸಿಸ್ಟರ್ ನನ್ನ ಪುಟವನ್ನು ಎರಡು ಸಲ ಓದಿದರು. "ಇಷ್ಟು ಶಿಸ್ತಿನ ನೋವು ನಾನು ಇಲ್ಲೀವರೆಗೆ ನೋಡಿಲ್ಲ" ಎಂದರು. ನಾನು ಸ್ವಲ್ಪ ನಾಚಿಕೊಂಡೆ. ಅವರು ಸುಮಿತ್ರಳ ಹೊಟ್ಟೆಯ ಮೇಲೆ ಕೈಯಿಟ್ಟು ಒಂದು ಗಂಟೆ ಸುಮ್ಮನೆ ಕೂತರು. ನೋವು ಮನಸ್ಸಿಗೆ ಬಂದಾಗ ಬಂತು, ಮನಸ್ಸಿಲ್ಲದಾಗ ನಿಂತಿತು. ಒಳಗೆ ಪರೀಕ್ಷೆ ಮಾಡಿ ಹೊರಗೆ ಬಂದವರು, "ಇದು ಸುಳ್ಳು ನೋವು. ಗರ್ಭದ ಬಾಯಿ ಇನ್ನೂ ಬಿಟ್ಟೇ ಇಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ತಾವೇನು ಕೆಲಸ ಮಾಡೋದು?" ಎಂದು ಕೇಳಿದರು. ಹೇಳಿದೆ. "ಹಾಗಾದ್ರೆ ಸರಿ" ಎಂದು ರಿಜಿಸ್ಟರನ್ನು ವಾಪಸ್ ಕೊಟ್ಟರು.

ಹಳೇಬೀಡಿಗೆ ಮರಳಿದಾಗ ಪಕ್ಕದ ಮನೆಯವರು, "ಏನು, ಹೊಟ್ಟೆ ಸಮೇತ ವಾಪಸ್ ಬಂದ್ರಾ?" ಎಂದು ವಿಚಾರಿಸಿಕೊಂಡರು. ಅತ್ತೆ ಅವರಿಗೆ, "ನಮ್ಮ ಅಳಿಯಂದ್ರು ಟೈಮು ನೋಡವ್ರೆ, ಮಗೀಗೆ ಇನ್ನೂ ಟೈಮು ನೋಡಾಕೆ ಬರಾಕಿಲ್ಲ" ಎಂದರು. ನಾನು ರಿಜಿಸ್ಟರನ್ನು ಹಾಸಿಗೆಯ ಕೆಳಗೆ ತಳ್ಳಿದೆ.

ನಾಲ್ಕು ದಿನ ಕಳೆದು, ಬೆಳಗಿನ ಕಾಫಿಯ ಹೊತ್ತಿಗೆ ನೀರು ಒಡೆಯಿತು. ಬೆನ್ನಲ್ಲೇ ನೋವು. ಒಂದು ಸಲ ಪೆಟ್ಟು ತಿಂದವನು ನಾನು. "ಗಾಬರಿ ಬೇಡ, ಇನ್ನೊಂದು ಗಂಟೆ ನೋಡೋಣ" ಎಂದೆ. ಸುಮಿತ್ರ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು. "ನೀವು ನೋಡ್ತಾ ಇರಿ. ನಾನು ಅಮ್ಮ ಹೋಗಿ ಬರ್ತೀವಿ" ಎಂದಳು. ನಾನು ಟ್ಯಾಕ್ಸಿಯ ಹಿಂದೆ ಓಡದೆ ಹತ್ತಿದ್ದೇ ದೊಡ್ಡದು.

ಏಳು ಗಂಟೆಗೆ ಬೇಲೂರು ಮುಟ್ಟಿದೆವು. ಈ ಸಲ ಬಾಯಿ ನಾಲ್ಕು ಸೆಂಟಿಮೀಟರ್ ಬಿಟ್ಟಿತ್ತು. ಹತ್ತು ಆಗುವವರೆಗೆ ಮೊದಲನೆಯ ಹಂತವಂತೆ. ಸಿಸ್ಟರ್ ಮಂಚದ ಪಕ್ಕ ಒಂದು ಚೌಕುಳಿ ಹಾಳೆ ಇಟ್ಟುಕೊಂಡರು. ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ, ಹತ್ತು ನಿಮಿಷದಲ್ಲಿ ಎಷ್ಟು ನೋವು, ಅದು ಎಷ್ಟು ಹೊತ್ತು ನಿಂತಿತು, ತಾಯಿಯ ನಾಡಿ, ಎಲ್ಲ ಅದರಲ್ಲಿ. ನಡುವೆ ಒಂದು ಓರೆ ಗೆರೆ ಅಚ್ಚಾಗಿತ್ತು. ಬಾಯಿ ಎಷ್ಟು ಬಿಟ್ಟಿದೆ ಎಂಬ ಚುಕ್ಕೆ ಆ ಗೆರೆಯ ಮೇಲೋ ಎಡಕ್ಕೋ ಇದ್ದರೆ ಸರಿ, ಬಲಕ್ಕೆ ಹೋದರೆ ಹೆರಿಗೆ ನಿಧಾನ. ಯಾರೂ ವಿವರಿಸಬೇಕಾಗಿರಲಿಲ್ಲ, ಲೇಟು ಎಂದರೇನೆಂದು ನನಗೆ ಗೊತ್ತಿತ್ತು.

ಗಂಟೆಗೊಂದು ಸೆಂಟಿಮೀಟರಿನ ಲೆಕ್ಕದಲ್ಲಿ ಹನ್ನೊಂದು ಗಂಟೆಗೆ ಎಂಟಾಗಬೇಕಿದ್ದದ್ದು ಆರೇ ಆಗಿತ್ತು. ಡಾಕ್ಟರ್ ಬಂದು ನೋಡಿದರು. ಸಿಸ್ಟರ್ ವರಾಂಡಕ್ಕೆ ಬಂದು, "ಎರಡು ಗಂಟೆ ಕಾಯ್ತೀವಿ. ಮುಂದಕ್ಕೆ ಹೋಗದಿದ್ರೆ ಹಾಸನಕ್ಕೆ ಕಳಿಸ್ತೀವಿ, ಆಪರೇಷನ್ ಬೇಕಾಗಬಹುದು" ಎಂದರು. ಹಾಳೆ ಅವರ ಕೈಯಲ್ಲಿತ್ತು, ಚುಕ್ಕೆ ಇನ್ನೂ ಇಟ್ಟಿರಲಿಲ್ಲ. ಆಗ ನಾನು ಆಡಿದ ಮಾತನ್ನು ಇವತ್ತಿಗೂ ನೆನೆದರೆ ಮುಖ ಬಿಸಿಯಾಗುತ್ತದೆ. "ಸಿಸ್ಟರ್, ಸ್ವಲ್ಪ ಹೆಚ್ಚು ಕಮ್ಮಿ ತಾನೇ? ಚುಕ್ಕೆ ಗೆರೆ ಮೇಲೇ ಇಟ್ಟುಬಿಡಿ" ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಗೆರೆ ಮೇಲೆ ಇಟ್ರೆ ನಿಮಗೆ ಸಮಾಧಾನ ಆಗುತ್ತೆ. ಒಳಗಿರೋ ಮಗುಗೆ?" ಎಂದರು. "ತಡ ಆಗಿದೆ ಅಂತ ಬರೆದ್ರೆ ತಾನೇ ನಾವು ಏನಾದ್ರೂ ಮಾಡೋದು?" ಆರರ ಮನೆಯಲ್ಲಿ, ಗೆರೆಯ ಬಲಕ್ಕೆ ದೂರದಲ್ಲಿ, ಚುಕ್ಕೆ ಇಟ್ಟರು. ನನ್ನ ಅಷ್ಟೂ ವರ್ಷದ ಸರ್ವೀಸಿನಲ್ಲಿ ಕಾರಣ ಬರೆಸಿ ಕಳಿಸಿದ್ದರೆ ಯಾರಾದರೂ ಓದಿ ಅರಸೀಕೆರೆಗೆ ಇನ್ನೊಂದು ಬಸ್ಸು ಹಾಕುತ್ತಿದ್ದರೇನೋ ಎಂದು ಆಗ ಮೊದಲ ಸಲ ಅನ್ನಿಸಿತು.

"ಮಗುವಿನ ತಲೆ ಸರಿಯಾಗಿ ಕೂತಿದೆ, ಎದೆಬಡಿತ ಚೆನ್ನಾಗಿದೆ. ಮೂತ್ರ ಮಾಡಿಸ್ಕೊಂಡು ಬಂದು ಓಡಾಡಿಸಿ. ಗುಟುಕು ಗುಟುಕಾಗಿ ನೀರು ಕೊಡಿ" ಎಂದು ಸಿಸ್ಟರ್ ಅವಳನ್ನು ನನಗೆ ಒಪ್ಪಿಸಿದರು. ವರಾಂಡದ ಈ ತುದಿಯಿಂದ ಆ ತುದಿಗೆ ನಡೆದೆವು. ನೋವು ಬಂದಾಗ ಅವಳು ನನ್ನ ಎಡಗೈ ಮಣಿಕಟ್ಟನ್ನು ವಾಚಿನ ಸಮೇತ ಹಿಡಿದು ನಿಲ್ಲುತ್ತಿದ್ದಳು, ನಾನು ಬಲಗೈಯಲ್ಲಿ ಸೊಂಟ ನೀವುತ್ತಿದ್ದೆ. "ಅಲ್ಲಲ್ಲ, ಕೆಳಗೆ. ಏನ್ರೀ, ಅಷ್ಟೂ ಗೊತ್ತಾಗಲ್ವಾ" ಎಂದು ಬೈಸಿಕೊಳ್ಳುತ್ತಿದ್ದೆ. ಎಷ್ಟು ನೋವು ಬಂತು, ಎಷ್ಟು ಹೊತ್ತಾಯಿತು, ಒಂದೂ ಗೊತ್ತಿಲ್ಲ. "ಹಾಸನಕ್ಕೆ ಹೋಗ್ಬೇಕಾದ್ರೆ ನೀವೂ ಬರ್ತೀರಲ್ವಾ?" ಎಂದು ಒಮ್ಮೆ ಕೇಳಿದಳು. ಅವಳನ್ನು ನಾನು ಅಷ್ಟು ಪ್ರೀತಿಸುತ್ತೇನೆಂದು ನನಗೇ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಮಾತ್ರ, "ಸ್ಟ್ಯಾಂಡಿಂಗ್ ಆದ್ರೂ ಬರ್ತೀನಿ" ಎಂದು. ಅವಳು ನಕ್ಕಳು, ನಗುವಿನ ನಡುವೆಯೇ ಇನ್ನೊಂದು ನೋವು ಬಂತು.

ಮಧ್ಯಾಹ್ನ ಒಂದು ಗಂಟೆಗೆ ಮತ್ತೆ ಪರೀಕ್ಷೆಯಾಯಿತು. ಒಂಬತ್ತು. ಸಿಸ್ಟರ್ ಹಾಳೆಯನ್ನು ತಂದು ನನ್ನ ಕಣ್ಣೆದುರಿಗೇ ಚುಕ್ಕೆ ಇಟ್ಟರು. ಗೆರೆಗೆ ಇನ್ನೂ ಬಲಕ್ಕೇ ಇತ್ತು, ಆದರೆ ನೆಟ್ಟಗೆ ಮೇಲಕ್ಕೆ ಹತ್ತಿತ್ತು. ಅಷ್ಟು ಸುಂದರವಾದ ಲೇಟನ್ನು ನಾನು ಕಂಡದ್ದಿಲ್ಲ. ಸ್ವಲ್ಪ ಹೊತ್ತಿಗೆ ಹತ್ತಾಯಿತು, ಎರಡನೆಯ ಹಂತವೆಂದು ಅವಳನ್ನು ಒಳಕ್ಕೆ ಕರೆದೊಯ್ದು ಬಾಗಿಲು ಹಾಕಿದರು. "ಮುಕ್ಕಮ್ಮ, ಈಗ ಕೆಳಕ್ಕೆ ಮುಕ್ಕು. ಸಾಕು, ಈಗ ಉಸಿರು ಬಿಡು" ಎಂದು ಸಿಸ್ಟರ್ ದನಿ ಕೇಳುತ್ತಿತ್ತು. ಪ್ರತಿ ಸಲವೂ ಹೊರಗೆ ಬೆಂಚಿನ ಮೇಲೆ ನಾನೂ ಅತ್ತೆಯೂ ಮುಕ್ಕಿದೆವು. ಆಮೇಲೆ ಅಳು ಕೇಳಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಕರ್ಚೀಫು ಸಿಗದೆ ನಾನು ತೋಳಿನಿಂದಲೇ ಒರೆಸಿಕೊಂಡೆ.

ಬಂತಲ್ಲ, ಇನ್ನೇನು ಎಂದು ಎದ್ದು ನಿಂತೆ. ಸಿಸ್ಟರ್ ಬಾಗಿಲು ಸಂದಿಯಿಂದ, "ಹೆಣ್ಣು ಮಗು, ಚೆನ್ನಾಗಿದೆ. ಇನ್ನೂ ಮುಗಿದಿಲ್ಲ, ಕೂತ್ಕೊಳ್ಳಿ" ಎಂದರು. ಮೂರನೆಯ ಹಂತ ಒಂದಿದೆಯಂತೆ. ಮಗುವಿನ ಹಿಂದೆ ಬರುವ ಮಾಸು ಪೂರ್ತಿ ಬೀಳಬೇಕು, ಇಂಜೆಕ್ಷನ್ ಕೊಡಬೇಕು, ರಕ್ತ ಹೆಚ್ಚು ಹೋಗದಂತೆ ಹೊಟ್ಟೆ ಮುಟ್ಟಿ ಮುಟ್ಟಿ ನೋಡುತ್ತಿರಬೇಕು. ತಾಯಂದಿರು ಕೈತಪ್ಪುವುದು ಹೆಚ್ಚಾಗಿ ಆಗಲೇ ಎಂದು ಕೇಳಿ ಮತ್ತೆ ಕುಕ್ಕರಿಸಿದೆ. ಕಾಲು ಗಂಟೆಯಲ್ಲಿ ಮಾಸು ಬಿದ್ದ ಸುದ್ದಿ ಬಂತು. "ಇನ್ನೊಂದು ಗಂಟೆ ನಾನು ಪಕ್ಕದಲ್ಲೇ ಇರ್ತೀನಿ. ನೀವು ಹೋಗಿ ಒಂದು ಕಾಫಿ ಕುಡಿದು ಬನ್ನಿ" ಎಂದು ಸಿಸ್ಟರ್ ನನ್ನನ್ನು ಅಟ್ಟಿದರು.

ವಾಪಸ್ ಬಂದಾಗ ಸುಮಿತ್ರ ಮಗುವನ್ನು ಎದೆಗೊತ್ತಿಕೊಂಡು ಮಲಗಿದ್ದಳು. ಮಗುವಿನ ಮೂಗು ನನ್ನದೇ, ಪಾಪ. ನಾನು ಏನಾದರೂ ದೊಡ್ಡ ಮಾತು ಆಡಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ, "ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ?" ಎಂದು ಕೇಳಿದಳು. ಅಂಥ ಹೊತ್ತಿನಲ್ಲಿ, ಅಂಥವಳಿಗೆ, ಎದುರಿನ ಹೋಟೆಲಿನಲ್ಲಿ ಎರಡು ಮಸಾಲೆ ದೋಸೆ ತಿಂದೆ ಎಂದು ಹೇಗೆ ಹೇಳುವುದು? "ಎಲ್ಲಿ, ಗಂಟಲಲ್ಲಿ ಇಳೀಬೇಕಲ್ಲ" ಎಂದೆ.

ಅತ್ತೆ ಕನಿಕರದಿಂದ, ಬಾಣಂತಿಗೆಂದು ತರಿಸಿದ್ದ ಕ್ಯಾರಿಯರಿನಿಂದ ಮೆಣಸಿನ ಸಾರು ಅನ್ನ ಕಲಸಿ ಒಂದು ತಟ್ಟೆ ಕೊಟ್ಟರು. ನಾನು ಕಷ್ಟಪಟ್ಟು ಮುಗಿಸಿದೆ. ಸುಮಿತ್ರ ನನ್ನನ್ನೇ ನೋಡುತ್ತಿದ್ದಳು. ಕೈ ಚಾಚಿ, ನನ್ನ ಅಂಗಿಯ ಜೇಬಿನ ಮೇಲೆ ಒಣಗಿದ್ದ ಚಟ್ನಿಯನ್ನು ಉಗುರಿನಿಂದ ನಿಧಾನವಾಗಿ ಕೆರೆದಳು.

"ಅಮ್ಮ, ಅವರಿಗೆ ಇನ್ನೊಂದು ತಟ್ಟೆ ಹಾಕು. ಪಾಪ, ಉಪವಾಸ ಇದಾರೆ" ಎಂದಳು.

ತಿಂದೆ.