ಸಾಹುಕಾರಮ್ಮನವರ ಬಾವಿಯೂ ಉಪ್ಪಿನ ಹುಳವೂ

ಪ್ಲೇಗಿಗೆ ಹೆದರಿ ಪೇಟೆ ಬಿಟ್ಟು ಬಂದೋರು ತುಂಬಿಕೊಂಡ ಜಾಗ ನಮ್ಮ ಬಸವನಗುಡಿ. ಅದಕ್ಕೇ ಏನೋ, ನಮ್ಮ ವಠಾರಕ್ಕೆ ಎಷ್ಟು ಬಾಡಿಗೆದಾರರು ಬಂದುಹೋದರೂ ಹೆದರಿಕೆ ಮಾತ್ರ ಖಾಲಿ ಮಾಡಲಿಲ್ಲ. ವರ್ಷಕ್ಕೊಂದು ಹೊಸ ನೆಪ ಹಿಡಿದು ಎದ್ದು ಕೂರುತ್ತಿತ್ತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಅದು ಕಾಲೇಜು ಮೇಷ್ಟ್ರ ಜೊತೆ ಬಂತು.

ಹುಳ ಸಾಕೋ ಗಂಡ

ಬೀದಿ ಕಡೆ ರೂಮಿಗೆ ಬಂದವರು ಗಂಡ ಹೆಂಡತಿ ಇಬ್ಬರೇ. ಮೇಷ್ಟ್ರು ಕಡ್ಡಿ ಹಾಗಿದ್ದರು, ಸುಳ್ಳು ಹೇಳೋಕೆ ಬರುತ್ತಿರಲಿಲ್ಲ. ಆಕೆಗೆ ಆಗ ಐದು ತಿಂಗಳು. ನಾನು ಹಿತ್ತಿಲ ಕಡೆ ಮನೆಯವಳು. ಬಾವಿಕಟ್ಟೆಯಲ್ಲಿ ಸಿಕ್ಕಾಗ ಕೇಳದೆ ಇರೋಕಾಗುತ್ತಾ?

"ನಿಮ್ಮೆಜಮಾನ್ರು ಕಾಲೇಜಲ್ಲಿ ಏನ್ ಮಾಡ್ತಾರಮ್ಮ?"

"ರೋಗದ ಹುಳ ಸಾಕ್ತಾರೆ ಅಕ್ಕ. ಗಾಜಿನ ಕೊಳವೇಲಿ ಸಾರು ಹಾಕಿ ಬೆಳೆಸ್ತಾರೆ. ಬರೀ ಕಣ್ಣಿಗೆ ಕಾಣಲ್ಲ."

"ಅಯ್ಯೋ! ಮನೆಗೆ ತರಲ್ಲ ತಾನೆ?"

"ಛೆ ಛೆ, ದಿನಾ ಎಲ್ಲಿ ತರ್ತಾರೆ? ಕಾಲೇಜಿಗೆ ರಜಾ ಇದ್ದಾಗ ಮಾತ್ರ."

ಕೊಡ ಅಲ್ಲೇ ಬಿಟ್ಟು ಓಡಿದೆ. ನಮ್ಮ ವಠಾರದ ಒಡತಿ ಪೇಟೆಯಲ್ಲಿ ಮಂಡಿ ಇಟ್ಟಿದ್ದ ಸಾಹುಕಾರರ ಹೆಂಡತಿ. ಸುದ್ದಿ ಮುಟ್ಟಿಸುವಾಗ ನಾನೂ ಒಂದಿಷ್ಟು ಒಗ್ಗರಣೆ ಹಾಕಿದೆ ಅನ್ನಿ. ಸಂಜೆಗೆ ಸಾಹುಕಾರಮ್ಮನವರ ಕಟ್ಟಪ್ಪಣೆ ಆಯಿತು: ಇನ್ನು ಮೇಲೆ ಯಾರಿಗೆ ಸೀನು ಬಂದರೂ ಬೀದಿಗೆ ಹೋಗಿ ಸೀನಿ ಬರಬೇಕು. ನಮ್ಮೆಜಮಾನರಿಗೆ ನಶ್ಯದ ಚಟ. ಪಾಪ, ಬೀದಿಯಲ್ಲೇ ಚಾಪೆ ಹಾಸಿಕೊಂಡರು.

ಯಾವ ಸಾರು?

ನನಗೆ ಆ ಸಾರಿನ ಮೇಲೇ ಕಣ್ಣು. ಎಂಥ ಸಾರು ಅಂತ ಸಾಹುಕಾರಮ್ಮನವರ ಕೈಲೇ ಕೇಳಿಸಿದೆ. ಮೇಷ್ಟ್ರು ತಲೆ ತಗ್ಗಿಸಿಕೊಂಡು, "ಕುರಿ ಮಾಂಸದ್ದು ಅಮ್ಮ" ಅಂದುಬಿಟ್ಟರು.

ಸಾಹುಕಾರಮ್ಮನವರು ಕೊರಳಿನ ಲಿಂಗ ಮುಟ್ಟಿಕೊಂಡು ಹಿಂದಕ್ಕೆ ಸರಿದರು. "ಶಿವ ಶಿವಾ! ನಿಮ್ಮ ಹುಳಕ್ಕೆ ಹುರುಳಿಕಟ್ಟು ಸಾಲದಾ?"

"ಅದರಲ್ಲೂ ಬೆಳೆಯುತ್ತೆ, ಸ್ವಲ್ಪ ಸೊರಗುತ್ತೆ."

"ಸೊರಗಲಿ! ನನ್ನ ವಠಾರದಲ್ಲಿರೋದಾದ್ರೆ ಹುಳವೂ ಸೊಪ್ಪು ಸದೆ ತಿಂದ್ಕೊಂಡೇ ಇರಬೇಕು."

ಸುಕ್ಕಾದ ಹುಳ

ಆಮೇಲೆ ಮೇಷ್ಟ್ರು ಚೀಲಗಟ್ಟಲೆ ಉಪ್ಪು ತರೋಕೆ ಶುರು ಮಾಡಿದರು. ಇಬ್ಬರ ಸಂಸಾರಕ್ಕೆ ಅಷ್ಟು ಉಪ್ಪು ಯಾಕೆ? ಮಾಟವೇ ಇರಬೇಕು ಅಂತ ನಾನು ಅಂದೆ. ಸಾಹುಕಾರಮ್ಮನವರು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡೇ ಆ ರೂಮಿಗೆ ನುಗ್ಗಿದರು.

ಮೇಷ್ಟ್ರು ಸಾಲಾಗಿ ಕೊಳವೆ ಜೋಡಿಸಿದ್ದರು. ಒಂದಕ್ಕೆ ಚಿಟಿಕೆ ಉಪ್ಪು, ಇನ್ನೊಂದಕ್ಕೆ ಅದಕ್ಕಿಂತ ಜಾಸ್ತಿ, ಕೊನೇದಕ್ಕೆ ಬಾಯಿಗಿಡೋಕಾಗದಷ್ಟು. ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಬಗ್ಗಿ ನೋಡಿ ಅಂದರು. ಕಮ್ಮಿ ಉಪ್ಪಿನ ಸಾರಲ್ಲಿ ಹುಳ ಮಿಜಿಮಿಜಿ ಅಂತ ಓಡಾಡುತ್ತಿದ್ದವು. ಜಾಸ್ತಿ ಉಪ್ಪಿನದರಲ್ಲಿ ಒಂದೂ ಅಲ್ಲಾಡುತ್ತಿಲ್ಲ.

"ಉಪ್ಪು ಅದರ ಮೈಯೊಳಗಿನ ನೀರನ್ನ ಹೊರಕ್ಕೆ ಎಳೀತು. ನಿಮ್ಮ ಉಪ್ಪಿನಕಾಯಿ ಹೋಳು ಸುಕ್ಕಾಗಲ್ವೆ, ಹಾಗೆ," ಅಂದರು ಮೇಷ್ಟ್ರು.

ಅವತ್ತಿನಿಂದ ಸಾಹುಕಾರಮ್ಮನವರ ಮನೇಲಿ ಹೊಸಿಲಿಗೆ ಉಪ್ಪು, ಹಾಸಿಗೆ ಕೆಳಗೆ ಉಪ್ಪು, ಸ್ನಾನದ ಹಂಡೆಗೂ ಉಪ್ಪು. ಸಾಹುಕಾರರು ಮೈ ಕೆರೆದುಕೊಳ್ಳುತ್ತಾ ಮಂಡಿಗೆ ಹೋಗುತ್ತಿದ್ದರು. ನಾನು ಒಂದು ಸಲ ಕೇಳಿದ್ದಕ್ಕೆ, "ನನ್ನನ್ನ ಜಾಡಿಗೆ ಹಾಕೋದೊಂದು ಬಾಕಿ ಇದೆ ಕಣಮ್ಮ" ಅಂದರು.

ಬಾವಿಗೆ ಮೂಟೆ

ಅಷ್ಟರಲ್ಲಿ ವಠಾರದ ಮಗುವೊಂದಕ್ಕೆ ಭೇದಿ ಶುರುವಾಯಿತು. ಕಾಲರಾನೇ ಅಂತ ಎಲ್ಲರಿಗೂ ಜೀವ ಬಾಯಿಗೆ ಬಂತು. ಮೇಷ್ಟ್ರ ಹುಳ ಬಾವಿಗೆ ಬಿದ್ದಿದೆ ಅಂತ ಸಾಹುಕಾರಮ್ಮನವರು ಮಂಡಿಯಿಂದ ಉಪ್ಪಿನ ಮೂಟೆ ತರಿಸಿ ಬಾವಿಗೆ ಸುರಿಸಿದರು. ಮಗು ಮಾರನೇ ದಿನವೇ ಎದ್ದು ಆಡುತ್ತಿತ್ತು, ಕದ್ದು ತಿಂದ ಹಲಸಿನ ಹಣ್ಣಿನ ಅಜೀರ್ಣ ಅಷ್ಟೆ. ಬಾವಿ ಮಾತ್ರ ಕೆಟ್ಟಿತು. ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ.

ಹೆದರಿಕೆ ಅಷ್ಟಕ್ಕೇ ಇಳಿಯುತ್ತದಾ? "ನಾಳೆಯೊಳಗೆ ರೂಮು ಖಾಲಿ ಮಾಡಿ!" ಅಂದರು ಸಾಹುಕಾರಮ್ಮ.

ಆಕೆಗೆ ಅಷ್ಟರಲ್ಲಿ ಏಳು ತುಂಬಿತ್ತು. ಬಸುರಿ ಇರುವಾಗ ಮನೆ ಬದಲಾಯಿಸಬಾರದು, ಬೇರೆಯವರು ರೂಮೂ ಕೊಡಲ್ಲ. ಟ್ರಂಕಿನ ಮೇಲೆ ಕೂತು ಅಳುತ್ತಿದ್ದಳು. ಇಷ್ಟೆಲ್ಲ ಕಡ್ಡಿ ಆಡಿಸಿದ ನಾನೇ ಅವತ್ತು ರಾತ್ರಿ ಅವಳಿಗೆ ಊಟ ತಂದುಕೊಟ್ಟೆ.

ಬೆಳಿಗ್ಗೆ ಬೀಗದ ಕೈ ಕೊಡೋಕೆ ಬಂದ ಮೇಷ್ಟ್ರು ಹೇಳಿದರು: "ಅಮ್ಮ, ಬಾವಿಗೆ ಉಪ್ಪು ಹಾಕಬಾರದಿತ್ತು."

"ಉಪ್ಪಿಗೆ ಹುಳ ಸುಕ್ಕಾಗೋದನ್ನ ತೋರಿಸಿದ್ದು ನೀವೇ ತಾನೆ?"

"ಅದು ಆ ಜಾತಿ. ಬೇಕಾದಷ್ಟು ಉಪ್ಪಿದ್ದರೇ ಬದುಕೋ ಜಾತಿಯೂ ಇದೆ. ಸಿಹಿನೀರಿಗೆ ಬಿಟ್ಟರೆ ಅದು ಒಡೆದುಹೋಗುತ್ತೆ. ಉಪ್ಪಿನ ಹರಳೊಳಗೇ ಕೂತು ಬರುತ್ತೆ. ರೋಗಗೀಗ ಏನೂ ತರಲ್ಲ ಬಿಡಿ."

ಕೊನೇ ಮಾತು ಯಾರಿಗೆ ಕೇಳಿಸಬೇಕು? ಸಾಹುಕಾರಮ್ಮನವರ ಮುಖ ಸುಣ್ಣವಾಯಿತು. "ಅಂದ್ರೆ... ಮೂಟೆ ತುಂಬ ಹುಳ ತಂದು ನಾನೇ ಬಾವಿಗೆ ಬಿಟ್ಟೆನಾ?"

ತಟ್ಟನೆ ಬೀಗದ ಕೈಯನ್ನು ಮೇಷ್ಟ್ರ ಜೇಬಿಗೇ ತುರುಕಿದರು. "ಎಲ್ಲಿಗೆ ಹೊರಟ್ರಿ? ಅವು ಕಣ್ಣಿಗೆ ಬೀಳೋದು ನಿಮಗೊಬ್ಬರಿಗೇ! ಅವು ಪೂರ್ತಿ ಸಾಯೋವರೆಗೂ ನೀವು ಕದಲೋ ಹಾಗಿಲ್ಲ."

ಮೇಷ್ಟ್ರು ಬಾಯಿ ತೆರೆದರು: "ಅಯ್ಯೋ ಅಮ್ಮ, ನಾಲ್ಕು ಮಳೆ ಬಿದ್ದು ಉಪ್ಪು ತೊಳೆದುಹೋದ್ರೆ ತಾನಾಗೇ..."

ಅಷ್ಟು ದಿನ ಗಂಡನಿಗೆ ಎದುರು ಮಾತಾಡದ ಹುಡುಗಿ ಎದ್ದು ಬಂದು ಅವರ ಬಾಯಿಗೆ ಕೈ ಅಡ್ಡ ಇಟ್ಟಳು.

"ಬಾಣಂತನ ಮುಗಿದು, ಮಗು ಸ್ಕೂಲಿಗೆ ಹೋಗೋವರೆಗೂ ಸಾಯಲ್ವಂತೆ ಅಮ್ಮ!"