ಹಸಿ ನೆನಪು

ಹೊಸ ಪ್ರಾಂಶುಪಾಲೆ ಫರ್ಹತ ಮೇಡಂ ಅವರಿಗೆ ಚನ್ನೇಶ ಸ್ವಾಗತ ಕೋರಬೇಕಿತ್ತು. ಹಿಂದಿನ ವಾರವಷ್ಟೇ ಸಂತಾಪ ಸಭೆ ನಡೆಸಿಕೊಟ್ಟಿದ್ದ ಅವನ ನಾಲಿಗೆ ಹಳೆಯ ದಾರಿಯನ್ನೇ ಹಿಡಿಯಿತು.

“ಮೇಡಂ ಅವರಿಗೆ ಭಾವಪೂರ್ಣ ಶ್ರದ್ಧಾಂಜಲಿ,” ಎಂದುಬಿಟ್ಟ.

ಹಿಂದಿನ ಬೆಂಚುಗಳಲ್ಲಿ ನಗು ಕೆರೆ ಒಡೆದಂತೆ ನುಗ್ಗಿತು. ಮೇಡಂ ಮಾತ್ರ ಗಂಭೀರವಾಗಿ ಕೂತಿದ್ದರು. ಚನ್ನೇಶ ಸವಣೂರಿನ ಆ ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕ. ಮುಂದಿನ ವರ್ಷ ಅವನನ್ನು ಇಟ್ಟುಕೊಳ್ಳುವುದು ಬಿಡುವುದು ಅದೇ ಮೇಡಂ ಕೈಯಲ್ಲಿತ್ತು.

ಸ್ಟಾಫ್ ರೂಮಿನಲ್ಲಿ ಅವನ ಬೆವರು ಕಂಡು ಜೀವಶಾಸ್ತ್ರದ ಸುಧಾರಾಣಿ ಸಮಾಧಾನ ಹೇಳಿದಳು.

“ಅಷ್ಟ್ಯಾಕ ಅಂಜ್ತೀರಿ ಸರ್? ಕಂಡದ್ದು ಕೇಳಿದ್ದೆಲ್ಲಾ ಆಗಿಂದಾಗ ತಲ್ಯಾಗ ಕಾಯಂ ಆಗಂಗಿಲ್ಲ. ಮಿದುಳಿನ ಕೋಶದಾಗ ಕೆಲವು ಜೀನ್ ಎಚ್ಚರಾಗಬೇಕು, ಅವುಗಳಿಂದ ಪ್ರೋಟೀನ್ ತಯಾರಾಗಬೇಕು, ಕೋಶಗಳ ನಡುವಿನ ಕೊಂಡಿ ಬಿಗಿಯಾಗಬೇಕು. ಅದಕ್ಕ ತಾಸುಗಟ್ಲೆ ಹಿಡೀತೈತಿ. ಅಲ್ಲೀತನಕ ನೆನಪು ಗ್ವಾಡಿಗೆ ಮೆತ್ತಿದ ಹಸಿ ಗಿಲಾವ್ ಇದ್ದಂಗ.”

“ಅಂದ್ರ ಸಂಜೀತನಕ ಅದನ್ನ ಕೆಡಸಬಹುದೇನ್ರಿ?”

“ಇಲಿ ಮ್ಯಾಲೆ ಪ್ರಯೋಗ ಮಾಡ್ಯಾರ. ಆ ಜೀನ್ ಕೆಲಸ ತಡದ್ರ, ಇವತ್ತು ಕಲತದ್ದು ನಾಳೆ ಇಲಿಗೆ ನೆನಪಿರಂಗಿಲ್ಲ. ಆದ್ರ…”

ಆ ‘ಆದ್ರ’ ಚನ್ನೇಶನ ಬೆನ್ನಿಗೆ ಬಿತ್ತು. ಅವನಾಗಲೇ ಬಾಗಿಲು ದಾಟಿದ್ದ.

ಮೇಡಂ ತಲೆಯಲ್ಲಿ ಬೇರೆ ಏನಾದರೂ ದೊಡ್ಡದು ತುಂಬಿದರೆ ಮುಂಜಾನೆಯ ಮಾತಿಗೆ ಜಾಗ ಉಳಿಯದು ಎಂದು ಅವನ ಲೆಕ್ಕಾಚಾರ. ಬಸ್ ಸ್ಟ್ಯಾಂಡಿನಿಂದ ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಮೇಡಂ ಕೊಠಡಿಗೆ ಬಂದು, “ನಮ್ಮೂರ ರುಚಿ ನೋಡ್ರಿ ಮೇಡಂ,” ಎಂದು ಮುಂದಿಟ್ಟ. ಮೇಡಂ ಒಂದನ್ನು ಕಚ್ಚಿದರು. ಕಣ್ಣು ಕೆಂಡವಾದವು, ಕೆಮ್ಮು ಹತ್ತಿತು. ನೀರು ಕೊಡಲು ಧಾವಿಸಿದ ಚನ್ನೇಶ ಎಡವಿ, ತಂಬಿಗೆಯನ್ನು ಅವರ ಮಡಿಲಿಗೇ ಚೆಲ್ಲಿದ.

ಹೊರಗೆ ಸಿಕ್ಕ ಸುಧಾರಾಣಿ ನಡೆದದ್ದು ಕೇಳಿ ಹಣೆ ಒತ್ತಿಕೊಂಡಳು.

“ಪೂರಾ ಕೇಳೂದು ಬಿಟ್ಟು ಓಡಿದ್ರಿ. ಗಾಬರಿ ಆತಂದ್ರ ಆ ಜೀನ್ ಇನ್ನೂ ಜೋರು ಕೆಲಸ ಮಾಡ್ತಾವು. ಅದರ ಹಿಂದ ಮುಂದ ನಡದ ಸಣ್ಣಪುಟ್ಟ ಸಂಗತೀನೂ ಜೋಡೀಲೆ ಗಟ್ಟಿ ಆಗ್ತಾವು. ಮುಂಜಾನಿ ಮಾತು ಇನ್ನ ಕಾಯಂ ಅಂತ ತಿಳೀರಿ.”

ಇನ್ನು ಕ್ಷಮೆ ಕೇಳುವುದೊಂದೇ ಉಳಿದಿತ್ತು. ಚನ್ನೇಶ ಮತ್ತೆ ಒಳಗೆ ಹೋಗಿ ಕೈಮುಗಿದು ನಿಂತ.

“ಮುಂಜಾನೆ ನಿಮಗ ಶ್ರದ್ಧಾಂಜಲಿ ಅಂದದ್ದು ಬಾಯಿ ತಪ್ಪಿ ಬಂದದ್ರಿ. ಮನಸ್ಸಿಗೆ ಹಚ್ಗೋಬ್ಯಾಡ್ರಿ.”

ದುಪಟ್ಟಾ ಹಿಂಡುತ್ತಿದ್ದ ಮೇಡಂ ಕೈ ನಿಂತಿತು.

“ಆಗ ನಾನು ನನ್ನ ಭಾಷಣಾನ ಮನಸ್ಸಿನಾಗ ಉರು ಹಚ್ಚಾಕತ್ತಿದ್ದೆ. ನಿಮ್ಮ ಮಾತು ಕಿವಿಗೇ ಬಿದ್ದಿರಲಿಲ್ಲ. ಹುಡುಗ್ರು ಯಾಕ ನಕ್ರು ಅಂತ ಈಗ ತಿಳೀತು.”

ಚನ್ನೇಶ ಬಾಗಿಲ ಕಡೆ ನೋಡಿದ.

“ಕುಂದರ್ರಿ,” ಎಂದರು ಮೇಡಂ, ಕುರ್ಚಿ ಹತ್ತಿರ ಎಳೆದುಕೊಂಡು. “ಏನೇನು ಅಂದ್ರಿ, ಮೊದಲಿನಿಂದ ಒಂದೊಂದ ಹೇಳ್ರಿ.”