ಕಾರಿಗೆ ಕೇಳಿಸಬಾರದು

ನಮ್ಮ ಮಾಮನಿಗೆ ತಲೆ ಕೆಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಕೊನೆಯಲ್ಲಿ ಹೇಳಿದರೆ ನೀವು ನಂಬುವುದಿಲ್ಲ. ಬಳ್ಳಾರಿಯ ಪಾರ್ವತಿನಗರದಲ್ಲಿ ಅವರಷ್ಟು ಲೆಕ್ಕಾಚಾರದ ಮನುಷ್ಯ ಇನ್ನೊಬ್ಬರಿಲ್ಲ. ಕಿತ್ತುಹೋದ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಾರೆ. ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಒಳಗೆ ಅಂಟಿದ್ದನ್ನೂ ಬಳಿದುಕೊಳ್ಳುತ್ತಾರೆ. ಆದರೆ ತಮ್ಮ ಹಳೆಯ ಕಾರಿಗೆ ಕಿವಿ ಇದೆ ಎಂದು ನಂಬಿದ್ದಾರೆ. ಇಷ್ಟಕ್ಕೇ ಒಬ್ಬರನ್ನು ಹುಚ್ಚರೆನ್ನಲಾದೀತೆ?

ಕಾರಿನ ದೋಷವನ್ನು ಕಾರಿನ ಎದುರಿಗೆ ಆಡಬಾರದು ಎಂಬುದು ಅವರ ಕಾನೂನು. "ರೋಗಿ ಮುಂದ ರೋಗದ ಮಾತು ಆಡಿದ್ರ ರೋಗಿ ಎದಿ ಒಡಕೊಂತಾನ. ಇದೂ ಹಂಗ" ಎನ್ನುತ್ತಾರೆ. ಮೆಕ್ಯಾನಿಕ್ಕನ್ನೂ ರಸ್ತೆ ತಿರುವಿನಾಚೆ ಕರೆದೊಯ್ದು ಮಾತಾಡುತ್ತಾರೆ. ದೂರ ಹೋಗಲು ಜಾಗವಿಲ್ಲದಿದ್ದರೆ ಗುಪ್ತಭಾಷೆ: ಬ್ರೇಕು ಎಂದರೆ ಮಂಡಿ, ದೀಪ ಎಂದರೆ ಕಣ್ಣು, ರೇಡಿಯೇಟರ್ ಎಂದರೆ ಹೊಟ್ಟೆ. ಒಮ್ಮೆ ಮದುವೆ ಮನೆಯ ಅಂಗಳದಲ್ಲಿ ಕಾರಿಗೆ ಒರಗಿಕೊಂಡೇ "ಎರಡೂ ಮಂಡಿ ಸವದಾವ" ಎಂದು ಯಾರಿಗೋ ಹೇಳಿಬಿಟ್ಟರು. ಬೀಗರ ಕಡೆಯ ಹಿರಿಯರೊಬ್ಬರು ಇವರನ್ನು ಚಾಪೆಯ ಮೇಲೆ ಕೂರಿಸಿ, ಪಂಚೆ ಮೇಲೆತ್ತಿ, ಊಟದ ಗಂಟೆ ಬಾರಿಸುವವರೆಗೂ ಎಣ್ಣೆ ತಿಕ್ಕಿದರು. ಮಾಮ ಕಣ್ಣು ಮುಚ್ಚಿ ತಿಕ್ಕಿಸಿಕೊಂಡರೇ ಹೊರತು ನಿಜ ಹೇಳಲಿಲ್ಲ. ಕಾರು ಪಕ್ಕದಲ್ಲೇ ಇತ್ತಲ್ಲ!

ನಾನು ಜೀನ್ಸ್ ಪ್ಯಾಂಟಿನ ಗುಂಡಿ, ಜಿಪ್ಪು ಮಾರಿ ನನ್ನ ಕಾಲ ಮೇಲೆ ನಿಂತವಳು. ಹಳೆಯ ವಸ್ತುವಿಗೆ ಗಿರಾಕಿ ಬಂದ ದಿನವೇ ಮುಹೂರ್ತ ಎಂದು ಕಲಿತವಳು. ನೀವೂ ಕಲಿತಿಟ್ಟುಕೊಳ್ಳಿ. ಈ ಕಾರಿಗೂ ಗಿರಾಕಿ ಇದ್ದರು. ಮಾಮನ ತಂಗಿ, ಅಂದರೆ ನನ್ನ ಚಿಗವ್ವ, ಸಿರುಗುಪ್ಪದಲ್ಲಿದ್ದಾಳೆ. ಅವಳ ಪಕ್ಕದ ಮನೆಯ ಮಾಸ್ತರು ಬಹಳ ದಿನದಿಂದ ಕಾರಿನ ಮೇಲೆ ಆಸೆ ಇಟ್ಟುಕೊಂಡಿದ್ದರು. ನಾನು "ಮಾಮ, ಕೇಳೋರು ಅದಾರ, ಕೊಟ್ಟುಬಿಡ್ರಿ" ಎಂದಾಗಲೆಲ್ಲ ಮಾಮ ತುಟಿಗೆ ಬೆರಳಿಟ್ಟು, ನನ್ನ ಕೈ ಹಿಡಿದು ಬೀದಿಯ ತಿರುವಿನವರೆಗೆ ಎಳೆದೊಯ್ದು, ಅಲ್ಲಿ ನಿಂತು "ಆಗೂದಿಲ್ಲ" ಎನ್ನುತ್ತಿದ್ದರು. ಆಗುವುದಿಲ್ಲ ಎನ್ನಲು ಅಷ್ಟು ದೂರ ನಡೆಯಬೇಕೆ?

ಈ ಬೇಸಿಗೆಯಲ್ಲಿ ಕಾರು ಬಿಸಿಯೇರತೊಡಗಿತು. ಮಾಮ ನಮ್ಮ ಅತ್ತೆಯನ್ನು ಹಲಕುಂದಿ ಮಠಕ್ಕೆ ಕರೆದೊಯ್ಯುವಾಗ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಹೋಗಿದೆ. ಇವರು ಹೀಟರ್ ಹಾಕಿದ್ದಾರೆ. ಎಂಜಿನ್ನಿನ ಬಿಸಿಯನ್ನು ಹೀಟರ್ ಒಳಗೆಳೆದುಕೊಂಡರೆ ಎಂಜಿನ್ನು ಕೊಂಚ ತಣಿಯುತ್ತದೆ. ಉಪಾಯ ಖರೆ, ಆಪತ್ತಿಗೆ ನೀವೂ ಮಾಡಬಹುದು. ಆದರೆ ಬಳ್ಳಾರಿಯ ಬಿಸಿಲಲ್ಲಿ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಬೇಡಿ.

"ಏನ್ರಿ ಇದು, ಒಲಿಯಾಗ ಕುಂತಂಗ ಆಗ್ತೈತಿ" ಎಂದಿದ್ದಾರೆ ಅತ್ತೆ.

"ಅದರ ಜ್ವರ ನಾವೂ ಸ್ವಲ್ಪ ಹಂಚಿಕೊಂಡ್ರ ಅದಕ್ಕ ಹಗುರಾಗ್ತೈತಿ."

ಅತ್ತೆ ಮಠದಿಂದ ಬಸ್ಸಿನಲ್ಲಿ ವಾಪಸ್ಸು ಬಂದರು.

ಇದಾದ ಮೇಲೆ ಒಂದು ಬೆಳಿಗ್ಗೆ ಮಾಮ ಕಾರು ತೊಳೆದು, ಯಾವ ಊರಿಗೆ ಎಂದು ನಮಗ್ಯಾರಿಗೂ ಹೇಳದೆ ಒಬ್ಬರೇ ಹೊರಟುಹೋದರು. ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದಾಗ ಅತ್ತೆಯ ಫೋನು. ಅಳು.

"ಕುರುಗೋಡಿನ್ಯಾಗ ಅದಾರಂತವ್ವ. ಗುಂಡಿಗಿ ನಿಂತೈತಂತ. ಬದಲಿ ಮಾಡಬೇಕಂತ."

"ಯಾರು ಹೇಳಿದ್ರು?"

"ಅವರೇ ಫೋನ್ ಮಾಡಿದ್ರು."

ಗುಂಡಿಗೆ ನಿಂತವರು ತಾವೇ ಫೋನ್ ಮಾಡುತ್ತಾರೆಯೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಗಾಬರಿಯಲ್ಲಿ ಬುದ್ಧಿ ಓಡಿಹೋಗುತ್ತದೆ, ಚೌಕಾಸಿಯೊಂದೇ ಉಳಿಯುತ್ತದೆ. ಆಂಬುಲೆನ್ಸ್ ತರಿಸಿ ಚಾಲಕನಿಗೆ, "ಪೇಷಂಟ್ ಬರೋದು ಒಂದ ಕಡಿ ಅಲ್ಲೇನಪ, ಹೋಗೂದಕ್ಕ ಯಾಕ ರೊಕ್ಕ?" ಎಂದೆ.

"ಅಕ್ಕಾರ, ಮೊದಲ ಹತ್ರಿ" ಎಂದ ಅವನು.

ಕುರುಗೋಡು ತಲುಪಿದರೆ ರಸ್ತೆ ಬದಿಯ ಬೇವಿನ ಮರದ ಕೆಳಗೆ ಕಾರು ಬಾಯಿ ತೆರೆದು ನಿಂತಿದೆ. ಮಾಮ ಒದ್ದೆ ಟವೆಲಿನಿಂದ ಅದರ ನೆತ್ತಿ ಒರೆಸುತ್ತಿದ್ದಾರೆ. ಅತ್ತೆ ಸಿರುಗುಪ್ಪಕ್ಕೂ ಫೋನ್ ಮಾಡಿದ್ದರೆಂದು ಕಾಣುತ್ತದೆ. ಚಿಗವ್ವ ಪಕ್ಕದ ಮನೆಯ ಮಾಸ್ತರ ಬೈಕಿನ ಹಿಂದೆ ಕೂತು ಎಳನೀರು ಹಿಡಿದುಕೊಂಡು ಆಗತಾನೆ ಬಂದಿಳಿದಿದ್ದಳು.

"ಅಣ್ಣಾ, ಯಾವ ಬದಿ ನೋಯಾಕ ಹತ್ತೈತಿ?"

"ಮುಂದ. ಬೆಲ್ಟಿನ ಬಾಜು."

ಚಿಗವ್ವ ಅವರ ಸೊಂಟ ನೋಡಿದಳು. ಮಾಮ ಉಟ್ಟಿದ್ದು ಪಂಚೆ.

ಚಾಲಕ ಸ್ಟ್ರೆಚರ್ ಎಳೆದುಕೊಂಡು ಬಂದು, "ಪೇಷಂಟ್ ಯಾರ್ರಿ?" ಎಂದ.

ಮಾಮ ಕಾರಿನತ್ತ ಕಣ್ಣು ಹೊರಳಿಸಿ ಪಿಸುಗುಟ್ಟಿದರು, "ಮೆಲ್ಲಗ ಮಾತಾಡಪ."

ಎಲ್ಲರಿಗೂ ಒಮ್ಮೆಲೇ ತಿಳಿಯಿತು. ಚಿಗವ್ವ, "ನಿನ್ನ ಕಾರಿಗೆ ಬೆಂಕಿ ಹಚ್ಚ" ಎಂದು ಶುರುಮಾಡಿದವಳು ಮಾತು ಮುಗಿಸುವ ಮೊದಲೇ ತಲೆ ತಿರುಗಿ ಕೂತುಬಿಟ್ಟಳು. ಅವಳಿಗೆ ಬಿ.ಪಿ. ಇದೆ. ಸ್ಟ್ರೆಚರ್ ಹೇಗೂ ಬಿಚ್ಚಿಯಾಗಿತ್ತು, ಅವಳನ್ನೇ ಮಲಗಿಸಿ ಬಳ್ಳಾರಿಗೆ ಕಳಿಸಿದೆವು. ಎರಡೂ ಕಡೆಯ ಬಾಡಿಗೆ ದಂಡವಾಗಲಿಲ್ಲ. ಎಳನೀರನ್ನು ಮಾಮ ಕುಡಿದರು.

ಕಾರನ್ನು ಇನ್ನೊಂದು ಗಾಡಿಗೆ ಕಟ್ಟಿ ಬಳ್ಳಾರಿಯ ಕೌಲ್ ಬಜಾರಿಗೆ ಎಳೆಸಿದೆವು. ಅಲ್ಲಿನ ಮೆಕ್ಯಾನಿಕ್ಕಿಗೆ ಮಾಮನ ಕಾನೂನು ಗೊತ್ತು. ಬಗ್ಗಿ ನೋಡಿದವನು ಏನೂ ಹೇಳದೆ ಬೀದಿಗೆ ಬಂದು, ಆಟೋಗಳ ಗದ್ದಲದಲ್ಲಿ ನಿಂತು ಹೇಳಿದ, "ಚಾಚಾ, ವಾಟರ್ ಪಂಪ್ ಖಲಾಸ್. ಬೇರಿಂಗ್ ಹೋಗೈತಿ, ನೀರು ಸೋರಾಕ ಹತ್ತೈತಿ. ಎಂಜಿನ್ನಿಗೆ ನೀರು ತಿರುಗವಲ್ದು, ಕುದೀದೆ ಏನು ಮಾಡ್ತೈತಿ?"

ಇಲ್ಲಿಂದ ನನ್ನ ಇಲಾಖೆ. ನಾನು ಗುಜರಿ ಸಾಲಿಗೆ ಹೋಗಿ, ಬೇರೆ ಕಾರಿನಿಂದ ಬಿಚ್ಚಿದ, ಇನ್ನೂ ಗಟ್ಟಿಯಾಗಿದ್ದ ಪಂಪೊಂದನ್ನು ಹುಡುಕಿ, ಅಂಗಡಿಯವನ ಕಣ್ಣಲ್ಲಿ ನೀರು ಬರುವಷ್ಟು ಚೌಕಾಸಿ ಮಾಡಿ ತಂದೆ. ಮಾಮ ಅದನ್ನು ಮುಟ್ಟಲೂ ಇಲ್ಲ.

"ಹೊಸಾದು ಹಾಕು" ಎಂದರು ಮೆಕ್ಯಾನಿಕ್ಕಿಗೆ. "ಬೆಲ್ಟೂ ಹೊಸಾದು. ನೀರಿನ ಪೈಪೂ ಹೊಸಾವು."

ಬೆಲ್ಟಿನ ಮಾತು ಸರಿ. ಪಂಪಿಗಾಗಿ ಹೇಗೂ ಬಿಚ್ಚಿರುತ್ತಾರೆ, ಮಜೂರಿ ಉಳಿಯುತ್ತದೆ. ನೀವೂ ಹಾಗೇ ಮಾಡಿಸಿ. ಆದರೆ ಗಟ್ಟಿಯಾಗಿದ್ದ ಪೈಪುಗಳು? ಟ್ಯೂಬು ಸೀಳಿ ಪೇಸ್ಟು ಬಳಿಯುವ ಮನುಷ್ಯ, ನನ್ನ ಚೌಕಾಸಿಯ ಪಂಪನ್ನು ಕಸದಂತೆ ಪಕ್ಕಕ್ಕೆ ಸರಿಸಿ ಹೊಸದೇ ಬೇಕೆನ್ನುವುದೆಂದರೆ? ನನಗೆ ತಲೆಬುಡ ತಿಳಿಯಲಿಲ್ಲ. ಮೆಕ್ಯಾನಿಕ್ ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಅವನಿಗೂ ತಿಳಿದಿರಲಿಲ್ಲ.

"ಇನ್ನೆಷ್ಟ ದಿನ ಓಡ್ತೈತಂತ ಇಷ್ಟೆಲ್ಲಾ, ಮಾಮ?"

"ಶ್!"

ಸಂಜೆಗೆ ಕೆಲಸ ಮುಗಿಯಿತು. ಎಂಜಿನ್ನು ಬಹಳ ಹೊತ್ತು ಓಡಿದರೂ ಮುಳ್ಳು ನಡುವಿನಲ್ಲೇ ತಣ್ಣಗೆ ಕೂತಿತ್ತು. ಮೆಕ್ಯಾನಿಕ್ ಕೀ ಚಾಚಿದ. ಮಾಮ ಅದನ್ನು ಇಸಿದುಕೊಂಡು ನನ್ನ ಕೈಯಲ್ಲಿಟ್ಟರು. ಆ ಕೀಯನ್ನು ಅವರು ಇನ್ನೊಬ್ಬರಿಗೆ ಕೊಟ್ಟದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ನನ್ನ ಮೊಣಕೈ ಹಿಡಿದು ಹಳೇ ಟೈರುಗಳ ರಾಶಿಯ ಹಿಂದಕ್ಕೆ ಕರೆದೊಯ್ದರು.

"ಮಾಸ್ತರಿಗೆ ಕೊಟ್ಟುಬಿಡವ್ವ."

ನಾನು ಕೈಯಲ್ಲಿದ್ದ ಕೀಯನ್ನು ನೋಡಿದೆ.

"ಕಣ್ಣಿನ ಡಾಕ್ಟರು ಗಾಡಿ ಹೊಡೀಬ್ಯಾಡ ಅಂದಾರ. ಮುಂದ ಕಾಣ್ತೈತಿ, ಎರಡೂ ಬದಿ ಕಾಣವಲ್ದು. ಇವತ್ತ ಕಡೀ ಸಲ ಅಂತ ಮೆಲ್ಲಗ ಹೊಂಟಿದ್ದೆ, ಸಿರುಗುಪ್ಪಕ್ಕ. ಇದಕ್ಕ ಆ ಮನಿ ತೋರಿಸಿ ಬರೋಣ ಅಂತ. ಕುರುಗೋಡಿನ್ಯಾಗ ನಿಂತುಬಿಡ್ತು. ಇದಕ್ಕ ಏನ್ ತಿಳೀತೋ ಏನೋ."

"ಕೊಡೋ ಗಾಡಿಗೆ ಹೊಸಾವು ಯಾಕ ಹಾಕಿಸಿದ್ರಿ ಮಾಮ?"

"ರೋಗ ಮುಚ್ಚಿಟ್ಟು ಹೆಣ್ಣು ಕೊಡಬಾರದವ್ವ."

"ಅತ್ತಿಗೆ ಗೊತ್ತೈತೇನು, ಕಣ್ಣಿಂದು?"

"ಆಕಿಗೆ ಹೇಳೀನಿ" ಎಂದು ಮಾಮ ಟೈರುಗಳ ಮೇಲಿಂದ ಇಣುಕಿದರು. "ಇದಕ್ಕ ಹೇಳಿಲ್ಲ."

ಮುಂದಿನ ಭಾನುವಾರ ಮಾಸ್ತರು ಪಾರ್ವತಿನಗರಕ್ಕೆ ಬಂದರು. ಮಾಮ ಕಟ್ಟೆಯ ಮೇಲೆ ಕೂತಿದ್ದರು. ಮಾಸ್ತರು ಬಾನೆಟ್ಟಿನ ಮೇಲೆ ಕೈಯಿಟ್ಟು ನನ್ನನ್ನು ಕೇಳಿದರು, "ಹಂಗಾರ ಏನಾರ ಐಬು ಐತೇನ್ರಿ ಇದರಾಗ? ಇದ್ರ ಈಗಲೇ ಹೇಳಿಬಿಡ್ರಿ."

ನನ್ನ ವ್ಯಾಪಾರದಲ್ಲಿ ಇದಕ್ಕೆ ಉತ್ತರ ಒಂದೇ: ಏನೂ ಇಲ್ಲ. ಇದ್ದರೂ ಇಲ್ಲ. ಆದರೆ ಎಡಗಡೆಯ ಬಾಗಿಲನ್ನು ಎರಡು ಸಲ ಎಳೆಯಬೇಕು. ಮಂಡಿಗಳು ಮತ್ತೆ ಸವೆದಿವೆ. ಒಂದು ಕಣ್ಣು ಮಂದ. ಇನ್ನೂ ಒಂದು ಮಾತಿದೆ, ಅದರ ಕಿವಿಯದು, ಅದನ್ನು ಹೇಗೆ ಹೇಳುವುದೋ ನನಗೆ ತಿಳಿಯದು.

"ಐತಿ. ಬರ್ರಿ ಹೇಳ್ತೀನಿ" ಎಂದೆ.

"ಇಲ್ಲೇ ಹೇಳ್ರಲ್ಲ."

"ಇಲ್ಲಿ ಬ್ಯಾಡ್ರಿ."

ಮಾಮ ನೇರವಾಗಿ ಕಾರನ್ನೇ ನೋಡುತ್ತಿದ್ದರು. ಅವರ ಬದಿಯಿಂದ ನಾವು ಸರಿದುಹೋದದ್ದು ಅವರಿಗೆ ಕಾಣಲಿಲ್ಲ. ಬಿಸಿಲು ಸುಡುತ್ತಿತ್ತು. ಬೀದಿಯ ತಿರುವಿನವರೆಗೂ ನಡೆದೆವು.